ಬಕೆಟ್‌ಗೆ ಹೋದ ಮಾನಿಟರ್

ಲೋ ಕುಮಾರೇಶ,

ಆರು ತಿಂಗ್ಳು ಗುಜರಿ ಅಂಗ್ಡಿಗಳ್ನೆಲ್ಲ ಅಲೆದು, ಹಳೇ ಬೋರ್ಡು, ಫ್ಲಾಪಿ ಡ್ರೈವು ಹುಡುಕಿ ಅಪ್ಪಂಗೋಸ್ಕರ ಜೋಡಿಸಿದ ಕಂಪ್ಯೂಟರ್ ಕಣ್ಲಾ ಅದು. ಅದರ ದಪ್ಪ ಮಾನಿಟರನ್ನ ಗುಜರಿಯವನಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ ಇಸ್ಕೊಂಡ್ಯಲ್ಲ, ನಿಂಗೆ ಬುದ್ಧಿ ಐತಾ? ಲಕ್ವ ಹೊಡೆದ್ಮೇಲೆ ಅಪ್ಪನ ಬಲಗೈ ಬೆರಳು ಮೊದಲ್ನೇ ಸಲ ಆಡಿದ್ದು ಅದ್ರಲ್ಲಿ ಆ ಹಳೇ ಕಾರಿನ ಆಟ ಆಡುವಾಗ. ಈಗ ಮಾನಿಟರ್ ಇಲ್ದಿರೋ ಮೇಜು ನೋಡ್ಕೊಂಡು ಕೂತವ್ರೆ. ರಿಪೇರಿಗೆ ಕೊಟ್ಟಿದೀವಿ ಅಂತ ಸುಳ್ಳು ಹೇಳಿದೀನಿ.

ನಾನು ಶಿಫ್ಟ್‌ಗೆ ಹೊರಟೆ. ಅಪ್ಪಂಗೆ ಗಂಜಿ ಕುಡಿಸ್ಬುಟ್ಟು ಅವಲಪಲ್ಲಿ ಗುಜರಿ ಅಂಗ್ಡಿಗೆ ಹೋಗು. ಗುಜರಿಯವನ ಕಾಲಿಗೆ ಬಿದ್ದಾದ್ರೂ ಮಾನಿಟರ್ ತತ್ತಾ. ಗಾಡಿ ಮೇಲೆ ತರುವಾಗ ಗಾಜಿಗೆ ಕಂಬಳಿ ಸುತ್ತು. ಉಳಿದ ಯಾವ ವೈರನ್ನೂ ಮುಟ್ಬೇಡ.

ಒಡೆದು ಹಾಕವ್ನೆ ಅಂದ್ರೆ, ಅಪ್ಪನ ಮುಂದೆ ಕೂತು ನಿಜ ನೀನೇ ಹೇಳು. ಇನ್ನೊಂದು ಸುಳ್ಳು ನನ್ನ ಕೈಲಿ ಆಗಲ್ಲ.

ವನಿತಕ್ಕ