ಮೊದಲು ಮುಗಿದದ್ದು ಕ್ಲೋರೈಡ್

ಮಾರ್ಚ್ 14, ಶುಕ್ರವಾರ

ಪ್ರೀತಿಯ ಅಣ್ಣ,

ನಿನ್ನೆ ಮಧ್ಯಾಹ್ನ ನಮ್ಮ ಕಾರ್ಖಾನೆಯ ಎರಡನೇ ತೊಟ್ಟಿಯ ಸೀಮೆಸುಣ್ಣದ ಪುಡಿ ಒಣಗಿ ತಕ್ಕಡಿಗೆ ಬಂತು. ನೂರ ತೊಂಬತ್ತೇಳು ಕಿಲೋ. ತೂಗಿ ಹೇಳಿದವಳು ತಕ್ಕಡಿ ಅಕ್ಕ. ಹೇಳಿದಳು ಅನ್ನುವುದಕ್ಕಿಂತ ಕೂಗಿದಳು ಅನ್ನಬೇಕು. ಗೇಟಿನ ಕಾವಲುಗಾರ ಏನಾಯಿತೋ ಎಂದು ಓಡಿ ಬಂದ.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ನಾಲ್ಕು ತಿಂಗಳಾಯಿತು. ಬಯ್ಯಬೇಡ. ಬರೆಯಲು ಕೂತಾಗಲೆಲ್ಲ ಕೈ ಬರುತ್ತಿರಲಿಲ್ಲ. ಇವತ್ತು ಬರುತ್ತಿದೆ, ಅದಕ್ಕೆ ಉದ್ದವಾಗಿಯೇ ಬರೆಯುತ್ತೇನೆ.

ತಕ್ಕಡಿ ಅಕ್ಕ ಯಾರೆಂದು ನಿನಗೆ ಗೊತ್ತಿಲ್ಲ. ನೀನು ಇಲ್ಲಿನ ಕೆಲಸದಿಂದ ಹೋದ ಮೇಲೆ ತಕ್ಕಡಿಯ ಪಕ್ಕದ ನಿನ್ನ ಸ್ಟೂಲಿನ ಮೇಲೆ ಕೂತವಳು. ಸಣ್ಣ ಆಳು, ದೊಡ್ಡ ಬಾಯಿ. ಕಳೆದ ತಿಂಗಳ ಕೊನೆಯಿಂದ ಅವಳ ತಕ್ಕಡಿಯಲ್ಲಿ ಪ್ರತಿ ತೊಟ್ಟಿಗೂ ನೂರ ನಲವತ್ತೆಂಟು ಕಿಲೋ ಅಷ್ಟೇ ಬರತೊಡಗಿತು. ಗೋಡೆಯ ಮೇಲಿನ ಬರಹ ನಿನಗೆ ಇನ್ನೂ ಬಾಯಿಪಾಠ ಇರಬೇಕು: ‘212 ಕಿಲೋ ಸೋಡಾಕ್ಕೆ 200 ಕಿಲೋ ಪುಡಿ.’ ಸೋಡಾ, ಕ್ಯಾಲ್ಸಿಯಂ ಕ್ಲೋರೈಡ್ ಎರಡೂ ತೊಟ್ಟಿಯ ನೀರಿನಲ್ಲಿ ಸೇರಿದರೇ ಪುಡಿ. ಸೋಸುವ ಬಟ್ಟೆಗೆ, ತೊಟ್ಟಿಗೆ ಅಂಟಿ ಮೂರು ನಾಲ್ಕು ಕಿಲೋ ಹೋಗುತ್ತದೆ. ಐವತ್ತು ಹೋಗುವುದಿಲ್ಲ.

ಹೋದ ವಾರ ಮಂಗಳವಾರ ಮ್ಯಾನೇಜರು ಅವಳನ್ನು ಕರೆದರು. ನಾನು ಲ್ಯಾಬಿನ ರಿಪೋರ್ಟು ಹಿಡಿದು ಅಲ್ಲೇ ನಿಂತಿದ್ದೆ.

“ಉಳಿದದ್ದು ಎಲ್ಲಿ ಹೋಯ್ತಮ್ಮ?”

“ಸಾರ್, ನನ್ನ ತೂಕವೇ ನಲವತ್ತಾರು. ಒಂದೊಂದು ತೊಟ್ಟಿಗೆ ಐವತ್ತು ಕಿಲೋ ಹೊತ್ಕೊಂಡು ಹೋಗೋಕೆ ನಾನೇನು ಲಾರೀನಾ?”

ಅವರು ನಗಲಿಲ್ಲ. ಹತ್ತು ದಿನದೊಳಗೆ ವಿವರಣೆ ಕೊಡದಿದ್ದರೆ ಕೆಲಸದಿಂದ ತೆಗೆದು ಪೊಲೀಸರಿಗೆ ಬರೆಯುತ್ತೇವೆ ಎಂದರು. ನಿನಗೆ ಹೇಳಿದ್ದೂ ಅದೇ ಮಾತು, ಅದೇ ಮೇಜಿನ ಎದುರು. ಅವಳು ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡಳು. ತೊಳೆದುಕೊಳ್ಳುತ್ತಲೇ ಇದ್ದಳು. ನನಗೆ ನೋಡಲಾಗಲಿಲ್ಲ.

ತೊಟ್ಟಿಯ ನೀರು ಚರಂಡಿಗೆ ಹೋಗುವ ಕಡೆ ಒಂದು ಸೀಸೆ ಹಿಡಿದೆ. ಆ ನೀರು ಯಾರೂ ನೋಡುವಂಥದ್ದಲ್ಲ, ಉಪ್ಪುನೀರು ಅಷ್ಟೇ ಎಂದು ಎಲ್ಲರ ನಂಬಿಕೆ. ಅದಕ್ಕೆ ಒಂದು ಚಮಚ ಕ್ಲೋರೈಡಿನ ದ್ರಾವಣ ಬಿಟ್ಟೆ. ಸೀಸೆಯ ನೀರು ಹಾಲಿನಂತೆ ಬೆಳ್ಳಗಾಯಿತು, ಪುಡಿ ಕಟ್ಟಿತು. ಎಂದರೆ ನೀರಿನಲ್ಲಿ ಸೋಡಾ ಇನ್ನೂ ಇದೆ, ಜೊತೆಗೆ ಸೇರಲು ಕ್ಲೋರೈಡ್ ಸಿಗದೆ ಹರಿದುಹೋಗುತ್ತಿದೆ.

ಆಮೇಲೆ ಗೋದಾಮಿಗೆ ಹೋಗಿ ಚೀಲ ತಿರುಗಿಸಿ ನೋಡಿದೆ. ಸೋಡಾ ನಾವು ತೂಗುತ್ತೇವೆ, ಕ್ಲೋರೈಡನ್ನು ತೂಗುವುದಿಲ್ಲ, ಚೀಲ ಎಣಿಸುತ್ತೇವೆ. ನಮಗೆಂದೇ ಮೂವತ್ತೇಳು ಕಿಲೋ ಕಟ್ಟಿದ ಚೀಲ, ತೊಟ್ಟಿಗೆ ಆರು. ಮೊದಲಿಂದ ನಡೆದು ಬಂದ ಪದ್ಧತಿ. ಆದರೆ ಈ ಚೀಲಗಳು ಬೇರೆ ಕಂಪನಿಯವು. ತೂಕ ಅದೇ ಮೂವತ್ತೇಳು, ಆದರೆ ಒಳಗಿರುವುದು ನೀರು ಸೇರಿದ ಹರಳು. ಒಣ ಕ್ಲೋರೈಡಿನ ಅಣುತೂಕ 111, ಹರಳಿನದು 147. ಸೋಡಾದ್ದು 106, ಪುಡಿಯದು 100.

ಸೋಮವಾರ ಬೆಳಿಗ್ಗೆ ಮ್ಯಾನೇಜರನ್ನು ತೊಟ್ಟಿಯ ಹತ್ತಿರಕ್ಕೇ ಕರೆದೆ. ಇಡೀ ಶಿಫ್ಟು ಸುತ್ತ ನಿಂತಿತು.

“ಗೋಡೆ ಮೇಲೆ ಬರ್ದಿದೆಯಲ್ಲಮ್ಮ, ಇನ್ನೂರು ಅಂತ.”

“ಅದು ಸೋಡಾ ಕಡೆಯ ಲೆಕ್ಕ ಸಾರ್. ಹತ್ತು ಬಾಗಿಲಿದೆ, ಬಾಗಿಲಿಗೆ ಎರಡು ಕೀಲು ಬೇಕು, ಕೈಯಲ್ಲಿ ಇರೋದು ಹದಿನಾಲ್ಕೇ ಕೀಲು. ಎಷ್ಟು ಬಾಗಿಲು ನಿಲ್ಲತ್ತೆ?”

“ಏಳು.”

“ಉಳಿದ ಮೂರು ಬಾಗಿಲು ನಾನೇ ಕದ್ದೆ ಅಂತ ಬರ್ಕೊಳ್ಳಿ ಸಾರ್,” ಎಂದಳು ತಕ್ಕಡಿ ಅಕ್ಕ ಹಿಂದಿನಿಂದ.

ಈ ಸಲ ಅವರಿಗೂ ನಗು ತಡೆಯಲಾಗಲಿಲ್ಲ. ನಾನು ನೆಲದ ಮೇಲೇ ಸೀಮೆಸುಣ್ಣದಲ್ಲಿ ಬರೆದೆ. ಸೋಡಾ 212 ಭಾಗಿಸು 106, ಎರಡು ಪಾಲು. ಹರಳು 222 ಭಾಗಿಸು 147, ಒಂದೂವರೆ ಪಾಲು. ಪಾಲಿಗೆ ಪಾಲು ಸೇರಬೇಕು. ಮೊದಲು ಮುಗಿಯುವುದು ಕ್ಲೋರೈಡ್, ಅದು ಮುಗಿದಲ್ಲಿಗೆ ಪುಡಿಯೂ ನಿಂತಿತು. ನೂರ ಐವತ್ತೊಂದು ಕಿಲೋ. ಅಂಟಿದ್ದು ಮೂರು ಕಳೆದರೆ ನೂರ ನಲವತ್ತೆಂಟು, ಅವಳ ತಕ್ಕಡಿ ತೋರಿಸಿದಷ್ಟೇ. ಐವತ್ತೆರಡು ಕಿಲೋ ಸೋಡಾ ಚರಂಡಿ ಪಾಲು. ಆಮೇಲೆ ಅವರ ಕೈಗೇ ಚಮಚ ಕೊಟ್ಟೆ. ಚರಂಡಿಯ ನೀರು ಅವರ ಕಣ್ಣೆದುರೇ ಬೆಳ್ಳಗಾಯಿತು.

“ಎಂಟು ಚೀಲ ಹಾಕಿ,” ಎಂದೆ. ಹಾಕಿದರು. ಇನ್ನೂರ ತೊಂಬತ್ತಾರು ಕಿಲೋ ಹರಳು, ಎರಡು ಪಾಲಿಗಿಂತ ತುಸು ಹೆಚ್ಚು. ಈಗ ಮೊದಲು ಮುಗಿಯಬೇಕಾದದ್ದು ಸೋಡಾ. ಗುರುವಾರ ತಕ್ಕಡಿ ಅಕ್ಕ ಕೂಗಿದ್ದು ಅದರ ತೂಕ.

ಮ್ಯಾನೇಜರು ಎಲ್ಲರ ಎದುರು “ತಪ್ಪು ನಮ್ಮದಮ್ಮ” ಎಂದರು. ಸಂಜೆಯೊಳಗೆ ಪೇಂಟರು ಬಂದು ಗೋಡೆಯ ಬರಹ ಅಳಿಸಿದ. ಹೊಸ ಸಾಲು ನಾನು ಹೇಳಿದ್ದು: ‘ಎರಡರಿಂದಲೂ ಲೆಕ್ಕ ಹಾಕಿ, ಕಡಿಮೆ ಬಂದದ್ದೇ ಉತ್ತರ.’ ತಕ್ಕಡಿ ಅಕ್ಕ ನನ್ನನ್ನು ಅಪ್ಪಿಕೊಂಡಳು. ನನ್ನ ಅಂಗಿ ತುಂಬ ಬಿಳಿ ಪುಡಿ.

ನಾನು ಅಷ್ಟಕ್ಕೆ ಬಿಡಲಿಲ್ಲ. ನಿನ್ನನ್ನು ತೆಗೆದ ವರ್ಷದ ಗೋದಾಮಿನ ರಿಜಿಸ್ಟರು ಹುಡುಕಿದೆ. ನಿನ್ನ ತಕ್ಕಡಿಯಲ್ಲಿ ಕೊರತೆ ಬಂದ ಎರಡು ತಿಂಗಳೂ ಬಂದದ್ದು ಇದೇ ಕಂಪನಿಯ ಚೀಲ, ಅಣ್ಣ. ತೊಟ್ಟಿಗೆ ಆರು. ರಿಜಿಸ್ಟರನ್ನು ಮ್ಯಾನೇಜರ ಮೇಜಿನ ಮೇಲೆ ಬಿಚ್ಚಿಟ್ಟೆ. ಅವರು ತುಂಬ ಹೊತ್ತು ನೋಡಿ, “ನಿಮ್ಮಣ್ಣನ ಫೈಲನ್ನೂ ತೆಗೀಬೇಕು” ಎಂದರು. ಒಂಬತ್ತು ವರ್ಷವಾದ ಮೇಲೆ.

ಅಂಗಡಿ ಹೇಗೆ ನಡೆಯುತ್ತಿದೆ? ಊರಿನವರ ತಕ್ಕಡಿಯೆಲ್ಲ ರಿಪೇರಿ ಮಾಡುವವನಿಗೆ ತೂಕದ ಕಳ್ಳ ಅನ್ನುವ ಹೆಸರಿತ್ತಲ್ಲ, ಇನ್ನು ಅದು ಇರುವುದಿಲ್ಲ. ಅತ್ತಿಗೆಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ, ಅಪ್ಪನ ಹಾಗೆ ತಲೆ ಎತ್ತಿ ನಡೆಯಲಿ.

ನಿನ್ನ ತಂಗಿ

ತಾ.ಕ.: ನಿನ್ನ ಫೈಲಿನಲ್ಲಿ ‘ಪ್ರತಿ ತೊಟ್ಟಿಗೆ ಐವತ್ತು ಕಿಲೋ ಕೊರತೆ’ ಎಂಬ ಹಾಳೆ ಇದೆ. ಅದನ್ನು ಬರೆದವಳು ನಾನು. ಲ್ಯಾಬಿಗೆ ಸೇರಿ ಮೂರು ತಿಂಗಳಾಗಿತ್ತು. ಸೋಡಾದ ತೂಕ ಕೊಟ್ಟರು, ಭಾಗಿಸಿ ಗುಣಿಸಿ ಸಹಿ ಹಾಕಿದೆ. ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಆಗ ತಿಳಿದಿರಲಿಲ್ಲ. ತಿಳಿದ ಮೇಲೂ ಸುಮ್ಮನಿದ್ದೆ. ನನಗೆ ಅಂಕಿ ಬರೆಯಲು ಕಲಿಸಿದವನು ನೀನು, ಹಾಳೆಯನ್ನು ನಿನ್ನ ಮುಂದೆ ಇಟ್ಟಾಗಲೇ ಆ ಕೈಬರಹ ನಿನಗೆ ಗುರುತು ಸಿಕ್ಕಿರಬೇಕು. ಆದರೂ ಅಮ್ಮನಿಗೂ ಹೇಳಲಿಲ್ಲ ನೀನು. ಸೋಮವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಆಡಳಿತ ಮಂಡಳಿಯ ಮುಂದೆ ಫೈಲು ತೆರೆಯುತ್ತಾರೆ. ಮೊದಲ ಸಾಕ್ಷಿ ನಾನು. ಆ ಹಾಳೆಯನ್ನು ನಾನೇ ಓದುತ್ತೇನೆ.