ಬಿಸಿಲಿಗಿಟ್ಟ ಹಸಿರು ಹರಳು

ಮಾರ್ಚ್ ೧೨, ಮಂಗಳವಾರ

ಮಗಳೇ,

ಆಶೀರ್ವಾದಗಳು. ಸೊಸೆಗೆ ಕಾಗದ ಬರೆದು ಅಭ್ಯಾಸವಿಲ್ಲ, ಅದಕ್ಕೇ ಇಷ್ಟು ತಡ, ಬೈದುಕೋ, ಪರವಾಗಿಲ್ಲ. ಫೋನ್ ಮಾಡಿದರೆ ನಿನ್ನ ಅಮ್ಮ ಎತ್ತಿ, "ಅವಳು ಮಲಗಿದಾಳೆ" ಅನ್ನುತ್ತಾರೆ. ಹೊತ್ತೇರುವ ತನಕ ಮಲಗುವ ಹುಡುಗಿಯಲ್ಲ ನೀನು, ನನಗೆ ಗೊತ್ತಿಲ್ಲವೇ.

ಮೊದಲು ಆ ಹರಳಿನ ವಿಷಯ ಮುಗಿಸಿಬಿಡೋಣ. ನಿನ್ನ ಗಂಡ ಗಣಿಯಿಂದ ತಂದ ಕಡೆಯ ಕಲ್ಲು ಅದು, ನಿಜ. ಅವನು ಜ್ವರದಲ್ಲಿ ಹೋದ ಮೇಲೆ, ಬಾಟಲಿಯೊಳಗೆ ಒದ್ದೆ ಬಟ್ಟೆಯ ಜೊತೆ ಇಟ್ಟು ಕಾಪಾಡಿದವನು ನಾನು. ನಾನು ಆಸ್ಪತ್ರೆಯಲ್ಲಿದ್ದಾಗ ನೀನು ಕಪಾಟು ಒರೆಸಿ, ತೇವಕ್ಕೆ ಹಾಳಾದೀತೆಂದು ಅದನ್ನು ಕಿಟಕಿಯ ಬಿಸಿಲಿಗಿಟ್ಟೆ. ಹಸಿರು ಹೋಗಿ ಬಿಳಿ ಪುಡಿಯಾಯಿತು. ನಾನು ಮನೆಗೆ ಬರುವಷ್ಟರಲ್ಲಿ ನೀನು ತವರು ಸೇರಿದ್ದೆ. ಒಣಗಿದರೆ ಅದು ಉಳಿಯುವುದಿಲ್ಲ ಎಂದು ನಾನು ಯಾರಿಗೆ ಹೇಳಿದ್ದೆ? ನಿನ್ನ ಅತ್ತೆಯೂ ನಿನ್ನ ಕಡೆಗೇ: "ಒದ್ದೆ ಬಟ್ಟೆ ಕಂಡ್ರೆ ಯಾರಾದ್ರೂ ಒಣಗಿಸ್ತಾರೆ. ನಾನಾಗಿದ್ರೆ ಕಲ್ಲಿಗೂ ಸೋಪು ಹಚ್ಚಿ ತೊಳೀತಿದ್ದೆ." ಹಾಗೆ ಮಾಡಿದ್ದರೆ ಪುಡಿಯೂ ಸಿಗುತ್ತಿರಲಿಲ್ಲ, ಕರಗಿ ಚರಂಡಿ ಸೇರುತ್ತಿತ್ತು.

ಮೊನ್ನೆ, ನಾನೂ ಅವನೂ ದುಡಿದ ಹಳೆಯ ಗಣಿಗೆ ಇಳಿದೆ. ಡಾಕ್ಟರಿಗೆ ಹೇಳಬೇಡ. ನೀರೆತ್ತುವ ಪಂಪಿನವನು, "ಈ ವಯಸ್ಸಲ್ಲಿ ಏನ್ ಯಜಮಾನ್ರೇ ಇದು ಹುಚ್ಚು" ಎಂದು ಗೊಣಗುತ್ತಲೇ ಕೈ ಹಿಡಿದು ಕರೆದೊಯ್ದ. ಕೆಲಸ ನಿಂತ ಸುರಂಗದ ಕೊನೆಯಲ್ಲಿ, ಗಂಧಕ ಬೆರೆತ ಕಬ್ಬಿಣದ ಅದಿರಿನಿಂದ ನೀರು ಜಿನುಗುವ ಕಡೆ, ಮರದ ಕಂಬದ ಮೇಲೆ ಅಂಥವೇ ಹಸಿರು ಹರಳುಗಳು ಮತ್ತೆ ಹುಟ್ಟಿವೆ. ನೀರನ್ನು ಒಳಗೇ ಕಟ್ಟಿಕೊಂಡ ಹರಳು. ಅಂಥ ತೇವ, ಅಂಥ ತಂಪು ಸಿಗುವ ಜಾಗ ಕಡಿಮೆ, ಅದಕ್ಕೇ ಅಪರೂಪ. ನಿನ್ನ ಗಂಡ ಕಿತ್ತ ಜಾಗದಲ್ಲೇ ಅಕ್ಕಿಕಾಳಿನಷ್ಟು ಹೊಸದೊಂದು ಕಂಡಿತು. ಮುಟ್ಟಲಿಲ್ಲ. ಕಣ್ಣು ತುಂಬಿತು, ಸಮಾಧಾನವೂ ಆಯಿತು.

ನಿನ್ನ ತಪ್ಪೇನೂ ಇಲ್ಲ. ಹೊಟ್ಟೆ ತುಂಬ ಊಟ ಮಾಡು. ಎಲ್ಲಿದ್ದರೂ ನೆಮ್ಮದಿಯಾಗಿರು ತಾಯಿ.

ನಿನ್ನ ಮಾವ

ಇನ್ನೊಂದು ಮಾತು: ಅಡುಗೆಗೆ ಉಪ್ಪು ಹೆಚ್ಚಾದಾಗ, "ಇವ್ರಿದ್ದಿದ್ರೆ ತಟ್ಟೆ ತಳ್ಳಿ ಎದ್ ಹೋಗ್ತಿದ್ರು" ಎಂದು ನೀನು ನಗುತ್ತಿದ್ದೆ, ನಮ್ಮನ್ನೂ ನಗಿಸುತ್ತಿದ್ದೆ. ನಿನ್ನೆ ಉಪ್ಪು ಹೆಚ್ಚಾಗಿತ್ತು. ನಿನ್ನ ಅತ್ತೆಯೂ ನಾನೂ ಮಜ್ಜಿಗೆ ಸುರಿದುಕೊಂಡು ಉಂಡು ಎದ್ದೆವು. ನೀನು ಹೋದ ಮೇಲೆ ಈ ಮನೆಯಲ್ಲಿ ಅವನ ಮಾತನ್ನು ಯಾರೂ ಎತ್ತಿಲ್ಲ.