ಸೈಕಲ್ಲನ್ನು ಹೊರಲಾರದ ಸೇತುವೆ

ರಸ್ತೆ ಮತ್ತು ಸೇತುವೆಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ನದಿಗೆ ಅಡ್ಡಲಾಗಿರುವ ಹಳೆಯ ಸಣ್ಣ ಸೇತುವೆಯ ಎರಡೂ ತುದಿಯಲ್ಲಿ ‘ಸೈಕಲ್ ಸವಾರಿ ನಿಷೇಧಿಸಲಾಗಿದೆ’ ಎಂಬ ಫಲಕ ಬಂದು ನಿಂತಿದೆ. ಯಾರು ನಿಷೇಧಿಸಿದರು, ಯಾಕೆ ನಿಷೇಧಿಸಿದರು ಎಂದು ಫಲಕ ಹೇಳುವುದಿಲ್ಲ. ಕೇಳಿದರೆ ನಿಮ್ಮ ಕಚೇರಿಯೂ ಹೇಳುವುದಿಲ್ಲ. ಆ ಫಲಕದ ದೆಸೆಯಿಂದ ನನ್ನ ಗಂಡನ ಭುಜದ ಮೂಳೆ ಮುರಿದಿದೆ. ಈ ವಿಷಯವನ್ನು ಮುಚ್ಚಿದ ಲಕೋಟೆಯಲ್ಲಿ ಈಗಾಗಲೇ ನಿಮಗೆ ಕಳಿಸಿದ್ದೆ. ಲಕೋಟೆ ನಿಮ್ಮ ಕೋಣೆಯೊಳಗೆ ಹೋದದ್ದನ್ನು ಕಣ್ಣಾರೆ ಕಂಡೆ, ಆಮೇಲೆ ಅದರ ಸುದ್ದಿಯಿಲ್ಲ. ಅದಕ್ಕೇ ಈ ಸಲ ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಬಂದವರ ಕಣ್ಣು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತಿರುವುದು ನನ್ನ ಕೆಲಸ. ಗೋಡೆಯ ಮೇಲಿನ ಅಕ್ಷರ ಕಾಣದಿದ್ದರೂ ಕಂಡಂತೆ ನಟಿಸುವವರು ಎಷ್ಟು ಜನರಿದ್ದಾರೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮುಂದೆ ಕೂತವರು ಹೇಳಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸುತ್ತಾರೆ. ಇಂಥವರ ನಡುವೆ ಬದುಕಿ ಬದುಕಿ ನನಗೆ ಅನುಮಾನ ಎಂಬುದು ಅಭ್ಯಾಸವಾಗಿದೆ. ನಮ್ಮನೆಯವರು ಹೇಳುವಂತೆ, ನಾನು ಹಾಲಿನ ಪ್ಯಾಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುವವಳು. ಅವರಾದರೋ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬೋರ್ಡಿನ ಮೇಲೆ ಬರೆದದ್ದೆಲ್ಲ ನಿಜ ಎಂದು ಜೀವಮಾನವಿಡೀ ನಂಬಿದವರು. ಫಲಕ ಬಂದ ದಿನ ನಾನು ಗೊಣಗುತ್ತಿದ್ದರೆ ಅವರು ಹೇಳಿದ್ದು ಇಷ್ಟೇ:

“ಸರ್ಕಾರದವರು ಹಾಕಿದಾರೆ ಅಂದ್ಮೇಲೆ ಏನಾದ್ರೂ ಕಾರಣ ಇದ್ದೇ ಇರುತ್ತೆ. ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ.”

ಸ್ವಾಮಿ, ಸೈಕಲ್ ನನಗೆ ವ್ಯಾಯಾಮವಲ್ಲ, ಶೋಕಿಯೂ ಅಲ್ಲ. ನನ್ನ ಅಕ್ಕ ನದಿಯ ಆಚೆ ದಡದಲ್ಲಿದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಗಿದೆ. ಭಾವ ಒಳ್ಳೆಯವರು, ಆದರೆ ಅಡುಗೆಮನೆಯಲ್ಲಿ ಅವರ ವಿದ್ಯೆ ನೀರು ಕಾಯಿಸುವುದಕ್ಕೆ ಮುಗಿಯುತ್ತದೆ. ಹೀಗಾಗಿ ಸಂಜೆ ಅಂಗಡಿ ಬಿಟ್ಟ ಕೂಡಲೇ ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಡುತ್ತೇನೆ. ದಾರಿಯಲ್ಲಿ ಔಷಧಿ ಅಂಗಡಿ, ತರಕಾರಿಯವಳು, ಚಪ್ಪಲಿ ಹೊಲಿಯಲು ಕೊಟ್ಟಿದ್ದರೆ ಅದು. ಎಲ್ಲಿ ಬೇಕೋ ಅಲ್ಲಿ ಒಂದು ಕಾಲೂರಿ ನಿಂತರಾಯಿತು, ಇಳಿಯುವುದೂ ಬೇಡ. “ಟೊಮೆಟೊ ಮೇಲಿಡ್ತೀನಿ, ಈರುಳ್ಳಿ ಕೆಳಗೆ, ಹಂಪ್ ಬಂದ್ರೆ ಎದ್ದು ನಿಂತ್ಕೊಳ್ಳಿ,” ಎಂದು ತರಕಾರಿಯವಳೇ ಬುಟ್ಟಿ ತುಂಬಿಸುತ್ತಾಳೆ. ಮೊಟ್ಟೆಯನ್ನು ಒಂದೂ ಒಡೆಯದೆ ಮುಟ್ಟಿಸಿದ ದಿನ ನನಗೆ ಆಗುವ ಹೆಮ್ಮೆ ನಿಮಗೆ ಬಡ್ತಿ ಸಿಕ್ಕ ದಿನವೂ ಆಗಿರಲಿಕ್ಕಿಲ್ಲ.

ಕಷ್ಟವೇ ಇಲ್ಲ ಎನ್ನುತ್ತಿಲ್ಲ. ಎದುರುಗಾಳಿ ಬೀಸಿದರೆ ನಿಂತಲ್ಲೇ ತುಳಿದಂತಾಗುತ್ತದೆ. ನಿಲ್ಲಿಸಿದ ಕಾರಿನ ಬಾಗಿಲು ಯಾವಾಗ ಮುಖಕ್ಕೆ ತೆರೆದುಕೊಳ್ಳುತ್ತದೋ ಹೇಳಲಾಗದು. ದುಪಟ್ಟಾ ಚೈನಿಗೆ ಸಿಕ್ಕಿ ನಡುರಸ್ತೆಯಲ್ಲಿ ಸೈಕಲ್ಲಿಗೆ ಕಟ್ಟಿಹಾಕಿದವಳಂತೆ ನಿಂತದ್ದೂ ಉಂಟು. ಆದರೂ ಸೇತುವೆಯ ಏರು ದಾಟಿ ಆಚೆಯ ಇಳಿಜಾರಿಗೆ ಬಂದು ಪೆಡಲ್ ತುಳಿಯುವುದನ್ನು ಬಿಟ್ಟಾಗ, ಕೆಳಗಿನಿಂದ ನೀರಿನ ತಂಪು ಗಾಳಿ ಕತ್ತಿಗೆ ತಾಕಿದಾಗ, ದಿನವಿಡೀ ಗಾಜಿನ ಪುಡಿ ಉಸಿರಾಡಿದ್ದು ಮರೆತುಹೋಗುತ್ತದೆ. ಆ ಒಂದು ಗಳಿಗೆಯಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ತಂಗಿಯೂ ಅಲ್ಲ, ಅಂಗಡಿಯ ಕೆಲಸದವಳೂ ಅಲ್ಲ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಸೇತುವೆಯ ಆಚೆ ತುದಿಯಲ್ಲಿ ಒಂದು ಹೊಸ ಹೋಟೆಲ್ ಶುರುವಾದದ್ದು ತಮ್ಮ ಗಮನಕ್ಕೆ ಬಂದೇ ಇರುತ್ತದೆ. ಮೊದಲು ಸೇತುವೆಯ ಕಟಕಟೆಗೆ ಹೂವಿನ ಕುಂಡ ಬಂತು. ಚೆನ್ನಾಗಿದೆ ಅಂದುಕೊಂಡೆವು. ಆಮೇಲೆ ಬಣ್ಣದ ದೀಪದ ಸರ ಬಂತು. ಅದೂ ಚೆನ್ನಾಗಿತ್ತು. ಒಂದು ಸಂಜೆ ಎರಡು ಕುರ್ಚಿ, ನಡುವೆ ಒಂದು ಪುಟ್ಟ ಮೇಜು. ಯಾರೋ ಗಾಳಿಗೆ ಕೂತಿದ್ದಾರೆ ಎಂದು ಬಳಸಿ ಹೋದೆ. ಮರುವಾರ ಕುರ್ಚಿಗಳ ಸಂಸಾರ ಬೆಳೆದಿತ್ತು. ನಾನು ಬೆಲ್ ಬಾರಿಸಿದರೆ ಕಾಫಿ ಕುಡಿಯುತ್ತಿದ್ದವರು ನನ್ನನ್ನೇ ದುರುಗುಟ್ಟಿ ನೋಡಿದರು, ಅವರ ಮನೆಯ ನಡುಕೋಣೆಗೆ ನಾನೇ ನುಗ್ಗಿದ್ದೇನೋ ಎಂಬಂತೆ. ಅದಾದ ಕೆಲವೇ ದಿನಗಳಲ್ಲಿ ಫಲಕ ಎದ್ದಿತು. ಫಲಕದ ಪಕ್ಕದಲ್ಲಿ ಖಾಕಿ ಕೋಟು ತೊಟ್ಟ ದಪ್ಪ ಮೀಸೆಯ ಕಾವಲುಗಾರರೊಬ್ಬರು.

“ಇಳೀರಿ ಮೇಡಂ.”

ಇಳಿದು ಸೈಕಲ್ ತಳ್ಳಿಕೊಂಡು ಹೊರಟೆ.

“ತಳ್ಕೊಂಡೂ ಹೋಗೋ ಹಾಗಿಲ್ಲ.”

“ಬೋರ್ಡಲ್ಲಿ ಸವಾರಿ ಅಂತ ಇದೆ. ತಳ್ಳೋದು ಯಾವಾಗಿನಿಂದ ಸವಾರಿ ಆಯ್ತು?”

“ಸೇತುವೆ ಹಳೇದು ಮೇಡಂ. ಭಾರ ತಡೆಯಲ್ಲ.”

ಅಷ್ಟರಲ್ಲಿ ತಂಪು ಪಾನೀಯದ ವ್ಯಾನೊಂದು ಬಂತು. ಅವರು ಸೆಲ್ಯೂಟ್ ಹೊಡೆದು ಪಕ್ಕಕ್ಕೆ ಸರಿದರು. ವ್ಯಾನು ಸೇತುವೆ ಏರಿ ಹೋಯಿತು.

“ಅದರ ಭಾರ ತಡೆಯುತ್ತಾ?”

“ಅದು ನಿಧಾನಕ್ಕೆ ಹೋಗುತ್ತೆ.”

“ನಾನೂ ನಿಧಾನಕ್ಕೆ ಹೋಗ್ತೀನಪ್ಪಾ. ಜೋರಾಗಿ ಹೋಗೋ ವಯಸ್ಸಾ ಇದು?”

ಅವರು ನಗಲಿಲ್ಲ. ನಗು ಬಂದದ್ದು ಮೀಸೆಯ ಅಡಿಯಲ್ಲಿ ನನಗೆ ಕಂಡಿತು, ಆದರೆ ನುಂಗಿಕೊಂಡರು.

ಮರುದಿನ ಅರ್ಧ ದಿನದ ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಭೇಟಿಯ ಭಾಗ್ಯ ಸಿಗಲಿಲ್ಲ. ಗುಮಾಸ್ತರು ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿದಂತೆ ಮಾಡಿದರು. ಓದಲಿಲ್ಲ. ಕಣ್ಣು ಸಾಲಿನ ಮೇಲೆ ಹೋಗುತ್ತಿದೆಯೋ ಸುಮ್ಮನೆ ತೇಲುತ್ತಿದೆಯೋ ಎಂದು ತಿಳಿಯುವುದು ನನ್ನ ಹೊಟ್ಟೆಪಾಡು.

“ಆ ಫಲಕ ನಮ್ಮದಲ್ಲ ಕಣಮ್ಮ,” ಎಂದರು.

“ಹಾಗಾದ್ರೆ ತೆಗೆಸಿ.”

“ನಮ್ಮದಲ್ಲದ್ದನ್ನ ನಾವು ಹೇಗೆ ತೆಗೆಯೋದು? ನಮ್ಮದಾಗಿದ್ರೆ ತೆಗೀಬಹುದಿತ್ತು.”

“ಸರಿ, ನಿಮ್ಮದಲ್ಲ ಅಂದ್ಮೇಲೆ ನಾನು ಸೈಕಲ್ ಹೊಡ್ಕೊಂಡು ಹೋಗಬಹುದಲ್ಲ?”

“ಹಾಗೆಲ್ಲ ಹೋಗೋಕ್ಕಾಗುತ್ತಾ? ಫಲಕ ಇದೆಯಲ್ಲ!”

ಇಂಥ ತರ್ಕವನ್ನು ನಿಮ್ಮ ಇಲಾಖೆಯಲ್ಲೇ ಕಲಿಸುತ್ತಾರೋ, ಕಲಿತು ಬಂದವರನ್ನೇ ನೇಮಿಸಿಕೊಳ್ಳುತ್ತಾರೋ? ಹೊರಗೆ ಬರುವಾಗ ನಿಮ್ಮ ಕೋಣೆಯ ಬಾಗಿಲ ಇಕ್ಕೆಲದಲ್ಲಿ ಎರಡು ಹೂವಿನ ಕುಂಡಗಳನ್ನು ಕಂಡೆ. ಅದೇ ನೀಲಿ ಹೊಳಪು, ಅದೇ ಬಳ್ಳಿಯ ಚಿತ್ರ, ಸೇತುವೆಯ ಕಟಕಟೆಯ ಮೇಲಿದ್ದವುಗಳ ಅವಳಿ ಜವಳಿ. ಊರಿನಲ್ಲಿ ಆ ಕುಂಡ ಎಲ್ಲ ಅಂಗಡಿಗಳಲ್ಲೂ ಸಿಗುತ್ತಿರಬಹುದು. ನಿಮಗೂ ಹೋಟೆಲಿನವರಿಗೂ ಅಭಿರುಚಿ ಒಂದೇ ಇರಬಹುದು. ನಾನು ಆರೋಪ ಹೊರಿಸುತ್ತಿಲ್ಲ, ಕಂಡದ್ದನ್ನು ಕಂಡೆ ಎನ್ನುತ್ತಿದ್ದೇನೆ.

ಅಂದಿನಿಂದ ಅಕ್ಕನ ಮನೆಗೆ ಹೆದ್ದಾರಿಯ ದೊಡ್ಡ ಸೇತುವೆಯೇ ಗತಿಯಾಯಿತು. ನೀವು ಅಲ್ಲಿ ಕಾರಿನ ಗಾಜು ಏರಿಸಿಕೊಂಡು ಹೋಗಿರುತ್ತೀರಿ. ಸೈಕಲ್ಲಿನ ಮೇಲೆ ಹೋದರೆ ಗೊತ್ತಾಗುತ್ತದೆ. ಒಂದು ಕಡೆ ಕಬ್ಬಿಣದ ತಡೆ, ಇನ್ನೊಂದು ಕಡೆ ಲಾರಿ, ನಡುವೆ ಜಲ್ಲಿಯ ಒಂದು ಪಟ್ಟಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಗಾಳಿ ಮೊದಲು ಆಚೆಗೆ ನೂಕುತ್ತದೆ, ಮರುಕ್ಷಣ ಚಕ್ರದ ಕಡೆಗೇ ಸೆಳೆಯುತ್ತದೆ. ಬಸ್ಸಿಗೆ ಹೋಗಬಾರದೇ ಎನ್ನುತ್ತೀರಿ. ನಡೆದು ಹೋದರೂ, ಬಸ್ಸು ಊರೆಲ್ಲ ಸುತ್ತಿ ಮುಟ್ಟಿಸಿದರೂ, ಅಷ್ಟು ಹೊತ್ತಿಗೆ ಅಕ್ಕ ಮಾತ್ರೆ ನುಂಗುವ ಸಮಯ ಮೀರಿರುತ್ತದೆ. ಯಾವ ದಾರಿಯಲ್ಲಿ ಬಂದೆನೆಂದು ತಿಳಿದು ಅಕ್ಕ, “ಬರಬೇಡ ಕಣೇ, ಬ್ರೆಡ್ಡು ತಿಂದು ಮಲಗ್ತೀನಿ,” ಎಂದಳು. ಅವಳು ಹಾಗೆ ಅಂದದ್ದಕ್ಕೇ ಮತ್ತೆ ಹೋದೆ.

ಆಮೇಲೆ ನನಗೆ ಜ್ವರ ಬಂತು. ಡಬ್ಬಿ ನಾನು ಕೊಂಡೊಯ್ಯುತ್ತೇನೆ ಎಂದು ನಮ್ಮನೆಯವರು ನನ್ನ ಸೈಕಲ್ ಹತ್ತಿದರು. ಸೇತುವೆಯ ಹತ್ತಿರ ಕಾವಲುಗಾರರಿಗೆ ನಾಲ್ಕು ಮಾತು ಹೇಳಿ ದಾಟಿಬಿಡಿ ಎಂದು ಮಲಗಿದಲ್ಲಿಂದಲೇ ಹೇಳಿದೆ. “ನಿಯಮ ಅಂದ್ರೆ ನಿಯಮ,” ಎಂದು ಹೆದ್ದಾರಿ ಹಿಡಿದರು. ಸ್ವಲ್ಪ ಹೊತ್ತಿಗೆ ಅವರ ಫೋನಿನಿಂದಲೇ ಕರೆ ಬಂತು. ಮಾತಾಡಿದ್ದು ಯಾರೋ ಹೆಂಗಸು. ಲಾರಿಯ ಗಾಳಿಗೆ ಹೆದರಿ ಜಲ್ಲಿಗೆ ಇಳಿಸಿದ್ದಾರೆ, ಚಕ್ರ ಜಾರಿದೆ. ಲಾರಿ ನಿಲ್ಲಲಿಲ್ಲ. ಹಿಂದೆ ಕಾರಿನಲ್ಲಿ ಬರುತ್ತಿದ್ದ ಆ ಹೆಂಗಸು ಇವರನ್ನು ಎತ್ತಿ ಕೂರಿಸಿಕೊಂಡಿದ್ದರು. ಫೋನು ಇವರ ಕಿವಿಗೆ ಹಿಡಿದಾಗ ಇವರು ಮೊದಲು ಹೇಳಿದ ಮಾತು, “ಡಬ್ಬಿ ಚೆಲ್ಲಿಲ್ಲ ಕಣೇ.”

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಮುಖ ಸುಣ್ಣದಂತೆ ಬಿಳಿಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಅವರ ಇನ್ನೊಂದು ಕೈ ಹಿಡಿದುಕೊಂಡೆ. ಜ್ವರ ನನಗೋ ಅವರಿಗೋ ಗೊತ್ತಾಗದಷ್ಟು ಇಬ್ಬರ ಕೈಯೂ ಸುಡುತ್ತಿತ್ತು. ಆಗ ಅವರು ಕೇಳಿದರು:

“ಆ ಬೋರ್ಡಿನ ಕೆಳಗೆ ಯಾರದಾದ್ರೂ ಸಹಿ, ಮೊಹರು ಏನಾದ್ರೂ ಇದೆಯಾ?”

“ಏನೂ ಇಲ್ಲ.”

“ನಾನು ನೋಡೇ ಇಲ್ಲ. ನೋಡದೇ ನಂಬಿಬಿಟ್ಟೆ,” ಎಂದರು.

ಮಾನ್ಯರೇ, ಮೂಳೆ ಕೂಡಿಕೊಳ್ಳುತ್ತದೆ ಎಂದು ವೈದ್ಯರು ಭರವಸೆ ಕೊಟ್ಟಿದ್ದಾರೆ. ಆದರೆ ಬೋರ್ಡುಗಳನ್ನು ನಂಬಿಯೇ ಕೂದಲು ಹಣ್ಣಾದ ಒಬ್ಬ ಮನುಷ್ಯ ಈಗ ಆಸ್ಪತ್ರೆಯ ‘ಇತ್ತ ದಾರಿ’ ಎಂಬ ಬಾಣದ ಗುರುತನ್ನೂ ಅನುಮಾನದಿಂದ ನೋಡುತ್ತಾರೆ. ಅದಕ್ಕೆ ಯಾವ ಪಟ್ಟಿ ಕಟ್ಟಲಿ?

ಜ್ವರ ಬಿಟ್ಟ ಮೇಲೆ ಒಂದು ಸಂಜೆ ಸೈಕಲ್ಲಿಲ್ಲದೆ ಸೇತುವೆಗೆ ಹೋದೆ. ಅವತ್ತು ಗಾಳಿ ಜೋರಾಗಿತ್ತು. ಕಾವಲುಗಾರರ ಖಾಕಿ ಕೋಟು ಪಟಪಟನೆ ತೆರೆದುಕೊಂಡಿತು. ಒಳಗೆ ಕಪ್ಪು ವೇಸ್ಟ್‌ಕೋಟ್, ಎದೆಯ ಮೇಲೆ ಹೋಟೆಲಿನ ಗುರುತಿನ ಕಸೂತಿ. ಅವರು ತಟ್ಟನೆ ಗುಂಡಿ ಹಾಕಿಕೊಂಡರು, ಆದರೆ ತಡವಾಗಿತ್ತು.

“ನೀವು ಹೋಟೆಲಿನವರಾ?” ಎಂದೆ.

ಅವರು ನದಿಯ ಕಡೆ ನೋಡಿದರು. “ಹಗಲು ಟೇಬಲ್ ಸಪ್ಲೈ ಮೇಡಂ. ಸಂಜೆ ಈ ಕೋಟು ಹಾಕಿ ನಿಲ್ಲಿಸ್ತಾರೆ.”

“ಬೋರ್ಡು ಹಾಕಿದ್ಯಾರು?”

“ಅದರ ಕಂಬಕ್ಕೆ ಗುಂಡಿ ತೋಡಿದ್ದು ನಾನೇ. ಮಾಲೀಕರು ಹೇಳಿದ್ರು, ತೋಡ್ದೆ. ಆಫೀಸಿನವರು ಬಂದ್ರೆ ಅಂತ ಕೇಳ್ದೆ. ಅವರು ಬರಲ್ಲ, ಬಂದ್ರೂ ನೋಡಲ್ಲ ಅಂದ್ರು.”

ನನ್ನ ಗಂಡ ಬಿದ್ದ ಸುದ್ದಿ ಹೇಳಿದೆ. ಅವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿಕೊಂಡರು. ಇದನ್ನೆಲ್ಲ ಬರೆಯಬಹುದೇ ಎಂದು ಹುಡುಕಿಕೊಂಡು ಹೋಗಿ ಕೇಳಿದೆ. “ಬರೀರಿ ಅಕ್ಕಾ, ಗುಂಡಿ ತೋಡಿದ್ದು ನಾನೇ ಅಂತಾನೂ ಬರೀರಿ,” ಎಂದರು. ಆದ್ದರಿಂದ ಬರೆದಿದ್ದೇನೆ.

ಅವರು ಹೋದ ಮೇಲೆ ಕೋಟು ಇನ್ನೊಬ್ಬರ ಮೈಗೇರಿತು. ಆದರೆ ನಾನು ಅಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಸೈಕಲ್ ಹತ್ತಿ, ಬೆಲ್ ಬಾರಿಸುತ್ತಾ, ಕೂಗುತ್ತಿದ್ದ ಹೊಸ ಕಾವಲುಗಾರರ ಪಕ್ಕದಲ್ಲೇ ಸೇತುವೆ ಏರಿದೆ. ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಒಬ್ಬರು ಕುರ್ಚಿ ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಸೇತುವೆ ಅಲುಗಾಡಲಿಲ್ಲ. ಮರುದಿನ ನನ್ನ ಹಿಂದೆ ಲಾಂಡ್ರಿಯವರು ಬಟ್ಟೆಯ ಗಂಟಿನ ಸಮೇತ ಬಂದರು. ಅದರ ಮರುದಿನ ಪಿಟೀಲು ಕಲಿಸುವ ಟೀಚರು, ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು. ಈಗ ಸಂಜೆಯ ಹೊತ್ತು ನಾವು ಹೋಗುವುದನ್ನು ಯಾರೂ ತಡೆಯುತ್ತಿಲ್ಲ. ಅಕ್ಕನಿಗೆ ಬಿಸಿ ಊಟ ಸಿಗುತ್ತಿದೆ.

ಆಗ ನಿಮ್ಮ ಕಚೇರಿಗೆ ಎಚ್ಚರವಾಯಿತು! ಕಳೆದ ವಾರ ನಿಮ್ಮ ಇಲಾಖೆಯ ಜೀಪು ಸೇತುವೆಯ ಬಳಿ ನಿಂತಿತ್ತು. ಅದರಿಂದಿಳಿದವರು ಮೇಜು ಕುರ್ಚಿಗಳ ಫೋಟೊ ತೆಗೆಯಲಿಲ್ಲ. ಫಲಕದ್ದೂ ತೆಗೆಯಲಿಲ್ಲ. ನನ್ನದು ತೆಗೆದರು, ಎದುರಿನಿಂದ ಒಂದು, ಪಕ್ಕದಿಂದ ಒಂದು. ಹೆಸರು, ವಿಳಾಸ ಬರೆದುಕೊಂಡರು. ಯಾಕೆ ಎಂದರೆ, “ಮೇಲಿನವರು ಹೇಳಿದಾರೆ,” ಎಂದರು. ಮೇಲಿನವರು ಎಂದರೆ ತಾವೇ ಎಂದುಕೊಳ್ಳುತ್ತೇನೆ. ನಿಮ್ಮದಲ್ಲದ ಫಲಕವನ್ನು ಮೀರಿದವಳ ಫೋಟೊ ನಿಮಗೇಕೆ? ನಿಮ್ಮ ಜೀಪನ್ನು ಕರೆಸಿದ್ದು ಯಾರ ಫೋನು? ಇಷ್ಟು ದಿನ ಆ ದಾರಿ ಕಾಣದಿದ್ದ ಜೀಪಿಗೆ ಅವತ್ತು ದಾರಿ ತೋರಿಸಿದವರು ಯಾರು?

ಉತ್ತರ ಬರುವುದಿಲ್ಲ ಎಂದು ಗೊತ್ತು. ಆದ್ದರಿಂದ ಪ್ರಶ್ನೆ ಬಿಟ್ಟು ಒಂದೇ ಒಂದು ಬೇಡಿಕೆ ಇಡುತ್ತೇನೆ. ದಯಮಾಡಿ ನನ್ನ ಮೇಲೆ ಕೇಸು ಹಾಕಿ. ಫೋಟೊ ನಿಮ್ಮ ಹತ್ತಿರವೇ ಇದೆ, ವಿಳಾಸವೂ ಇದೆ, ನಾನು ಸೈಕಲ್ ತುಳಿದದ್ದು ನಿಜ ಎಂದು ಇಲ್ಲಿ ಬರೆದುಕೊಟ್ಟೂ ಇದ್ದೇನೆ. ಕೇಸು ಹಾಕಿದರೆ ಯಾವ ಆದೇಶ ಮೀರಿದೆ ಎಂದು ನ್ಯಾಯಾಧೀಶರ ಮುಂದೆ ಯಾರಾದರೂ ಹೇಳಲೇಬೇಕಾಗುತ್ತದೆ. ಆ ಆದೇಶ ಯಾರದು, ಯಾವತ್ತಿನದು, ಯಾವ ಕಾರಣಕ್ಕೆ ಎಂದು ಓದಿ ಹೇಳಬೇಕಾಗುತ್ತದೆ. ನಾವು ಸೈಕಲ್ಲಿನವರೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತೇವೆ. ಆದೇಶ ಇಲ್ಲವೆಂದಾದರೆ ಅದೇ ಸಂಜೆ ಫಲಕ ಕಿತ್ತು, ಮೇಜುಗಳನ್ನು ದಡಕ್ಕೆ ಇಳಿಸಿ. ಎರಡೂ ಮಾಡದೆ ಸುಮ್ಮನೆ ಕೂರಬೇಡಿ. ನಿಮ್ಮ ಮೌನದ ಅರ್ಥವೇನು ಎಂದು ಜನ ಕೇಳಿದರೆ, ನನಗೆ ತೋಚಿದ ಅರ್ಥವನ್ನೇ ಹೇಳಬೇಕಾಗುತ್ತದೆ.

ಇಂತಿ,
ಕೋರ್ಟಿನ ನೋಟಿಸಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿರುವ,
ನಿಮ್ಮ ಫೋಟೊದಲ್ಲಿರುವ ಹೆಂಗಸು